ಬೆಲ್ಲ ಕೊಟ್ಟು ನೀರು ಕೊಡದ ಚಿಗವ್ವ

ನಮ್ಮ ಚಿಗವ್ವ, ಅಂದರೆ ಚಿಕ್ಕಮ್ಮ, ಬೆಲ್ಲ ಹಿಡಿದು ಎದುರು ಬಂದರೆ ಹುಷಾರಾಗಿರಬೇಕು! ನಮ್ಮ ಕಡೆ ಮನೆಗೆ ಬಂದವರಿಗೆ ಮೊದಲು ಬೆಲ್ಲ, ನೀರು, ಆಮೇಲೆ ಮಾತು. ಚಿಗವ್ವ ಈ ಪದ್ಧತಿಯನ್ನೇ ಆಯುಧ ಮಾಡಿಕೊಂಡವಳು. ಒಮ್ಮೆ, ಊರಲ್ಲಿ ಬಸ್ಸು ನಿಲ್ಲಿಸದ ಡ್ರೈವರಿಗೆ ರಸ್ತೆಯ ನಡುವೆ ನಿಂತು ಬೆಲ್ಲ ಕೊಟ್ಟಳು. ಅವನು ಅಗಿದು ಮುಗಿಸುವಷ್ಟರಲ್ಲಿ ಅರ್ಧ ಊರು ಬಸ್ಸು ಹತ್ತಿತ್ತು.

ಹೋದ ಬೇಸಿಗೆಯಲ್ಲಿ ಒಂದು ಗ್ಯಾಸ್ ಕಂಪನಿ ಅವಳ ಕೈಗೆ ಸಿಕ್ಕಿತು. ಸುಳ್ಳ ಗ್ರಾಮದ ಆಚೆಗಿನ ನಮ್ಮೂರ ಹೊಲಗಳ ಕೆಳಗೆ ಅವರ ಪೈಪ್‌ಲೈನ್ ಹೋಗಿದೆ. ಲಾಭದಲ್ಲೊಂದು ಪಾಲನ್ನು ಸಮಾಜಕ್ಕೆ ಖರ್ಚು ಮಾಡಬೇಕೆಂಬ ಕಾಯ್ದೆ ಇದೆಯಲ್ಲ, ಅದರಂತೆ ಶಾಲೆಗೆ ಶುದ್ಧ ನೀರಿನ ಘಟಕ ಕಟ್ಟಿಸಿದರು. ಗೋಡೆ ತುಂಬ ಕಂಪನಿಯ ಹೆಸರು. ನೀರು? ಬೋರ್‌ವೆಲ್ಲಿನಿಂದ ಪೈಪೇ ಜೋಡಿಸಿರಲಿಲ್ಲ! ನೀರಡಿಸಿದ ಮಕ್ಕಳು ಲಾರಿ ಓಡಾಡುವ ರಸ್ತೆ ದಾಟಿ ಎದುರಿನ ಚಿಗವ್ವನ ಮನೆಗೇ ಓಡಿ ಬರುತ್ತಿದ್ದರು. ಪ್ರತಿ ಸಲವೂ ಅವಳ ಜೀವ ಬಾಯಿಗೆ ಬರುತ್ತಿತ್ತು.

ಉದ್ಘಾಟನೆಗೆ ಬಂದ ಕಂಪನಿಯ ಸಾಹೇಬರಿಗೆ ಚಿಗವ್ವ ದೊಡ್ಡ ಬೆಲ್ಲದ ಹೆಂಟೆಯನ್ನೇ ಕೊಟ್ಟಳು. ಉರಿಬಿಸಿಲು. ಸಾಹೇಬರ ಬಾಯಿ ಅಂಟಿತು.

"ನೀರು ಕೊಡ್ರಿ, ಅಮ್ಮಾರ."

"ನಿಮ್ಮ ನಳಾ ಐತಲ್ರಿ, ತಿರುವ್ರಿ."

ತಿರುವಿದರು. ಗಾಳಿಯೂ ಬರಲಿಲ್ಲ. ಕಾರಿನಲ್ಲಿದ್ದ ನೀರಿನ ಬಾಟಲಿಗಳು? ಚಿಗವ್ವ ಆಗಲೇ ಮಕ್ಕಳಿಗೆ ಹಂಚಿಬಿಟ್ಟಿದ್ದಳು.

"ಪೈಪ್ ಮುಂದ ಜೋಡಸ್ತೀವ್ರಿ. ಮಾರ್ಚ್ ಮುಗಿಯೂದ್ರಾಗ ಖರ್ಚು ತೋರಿಸ್ಬೇಕ್ರಿ."

"ಹುಡುಗರ ನೀರಡಿಕಿ ಮಾರ್ಚ್ ನೋಡಂಗಿಲ್ರಿ. ನೀರು ಬರೂತನಕ ರಿಬ್ಬನ್ ಕತ್ತರಸೂದು ಬ್ಯಾಡ."

ತಟ್ಟೆಯಲ್ಲಿದ್ದ ಕತ್ತರಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಘಟಕದ ಮೆಟ್ಟಿಲ ಮೇಲೆ ಕೂತೇಬಿಟ್ಟಳು.

"ಕಾಯ್ದೆ ಕೆಲಸಕ್ಕ ಅಡ್ಡಿ ಮಾಡಾಕತ್ತೀರಿ ನೀವು" ಎಂದರು ಸಾಹೇಬರು.

"ಕಾಯ್ದೆದಾಗ ಸಮಾಜಕ್ಕ ಅಂತ ಐತಲ್ರಿ. ಸಮಾಜ ಅಲ್ಲಿ ನಿಂತೈತಿ ನೋಡ್ರಿ, ಖಾಲಿ ಬಾಟ್ಲಿ ಹಿಡಕೊಂಡು."

ಸಾಹೇಬರು ಮಕ್ಕಳ ಕಡೆ ನೋಡಿ ತಮ್ಮ ಡ್ರೈವರನನ್ನು ಕರೆದರು. ಕಂಪನಿಯ ಜೀಪು ಪೈಪು ತರಲು ಅಮರಗೋಳದ ಕಡೆ ಓಡಿತು. ಪೈಪೂ ಬಂತು, ಪ್ಲಂಬರನೂ ಬಂದ. ಇಳಿಹೊತ್ತಿಗೆ ನಳದಲ್ಲಿ ನೀರು ಬಂದಾಗ ಮೊದಲು ಬೊಗಸೆಯೊಡ್ಡಿದವರು ಸಾಹೇಬರೇ!

ಮೊನ್ನೆ ಊರಿಗೆ ಹೋಗಿದ್ದೆ. ಶಾಲೆಯ ಗಂಟೆ ಹೊಡೆಯಿತು. ಚಿಗವ್ವನ ಕಟ್ಟೆಯ ಮೇಲೆ ಮೊದಲಿನ ಗದ್ದಲವಿಲ್ಲ. ಮಕ್ಕಳಿಲ್ಲದ ಆ ಮನೆಗೆ ಮಕ್ಕಳ ಸದ್ದು ಬರುತ್ತಿದ್ದುದೇ ಆ ನೀರಡಿಕೆಯಿಂದ ಎಂದು ನನಗೆ ಆಗ ಹೊಳೆಯಿತು.

"ಈಗ ಯಾರೂ ಬರಂಗಿಲ್ಲೇನ ಚಿಗವ್ವಾ?"

"ಯಾಕ ಬರಬೇಕು? ರಸ್ತಾ ದಾಟೂದು ತಪ್ಪಲಿ ಅಂತನ ಅಲ್ಲೇನು ನಾ ಕುಂತದ್ದು?"

ಹಾಗೆಂದವಳು ಬೆಲ್ಲದ ಡಬ್ಬಿಯನ್ನು ಬಗಲಲ್ಲಿ ಹಿಡಿದುಕೊಂಡಳು. ಹಾರ್ನ್ ಹೊಡೆಯುತ್ತ ಬಂದ ಲಾರಿಗೆ ಕೈ ಅಡ್ಡ ಮಾಡಿ ನಿಲ್ಲಿಸಿ, ನಳದ ಸುತ್ತ ನಿಂತ ಮಕ್ಕಳ ಕಡೆಗೆ ತಾನೇ ರಸ್ತೆ ದಾಟಿ ಹೋದಳು.