ಗೇಟೊಳಗಿನ ಗಿನಿಕೋಳಿಗಳು

ಒಂದು ರಗಳೆ ಮುಗೀತಪ್ಪಾ ಅಂತ ಕಾಲು ಚಾಚಿ ಕೂತರೆ ಸಾಕು, ನಮ್ಮನೆಗೆ ಇನ್ನೊಂದು ರಗಳೆ ಚಪ್ಪಲಿ ಬಿಟ್ಟು ಒಳಗೆ ಬಂದಿರುತ್ತೆ. ನನಗೂ ಸುಮ್ಮನೆ ಕೂರೋ ಜಾಯಮಾನ ಇಲ್ಲ ಅನ್ನಿ. "ಕಾಲಿಗೆ ಚಕ್ರ ಕಟ್ಕೊಂಡೇ ಹುಟ್ಟಿದ್ದೀಯ" ಅಂತ ನಮ್ಮಮ್ಮ ಬೈಯೋರು. ಆದರೆ ಈ ಗಿನಿಕೋಳಿ ರಗಳೆ ಕೊಟ್ಟಷ್ಟು ಚಡಪಡಿಕೆ ನನಗೆ ಬೇರೆ ಯಾವುದೂ ಕೊಟ್ಟಿಲ್ಲ.

ಬ್ಯಾಟರಾಯನಪುರದಲ್ಲಿ ನಮ್ಮದು ಮಹಡಿ ಮೇಲಿನ ಬಾಡಿಗೆ ಮನೆ, ನಾನು ಮತ್ತು ನಮ್ಮ ಯಜಮಾನರು. ಕೆಳಗೆ ಓನರ್ ಆಂಟಿ ಒಬ್ಬರೇ. ಆರು ವರ್ಷದಲ್ಲಿ ನಾಲ್ಕು ಮನೆ ಬದಲಾಯಿಸಿ, ಸಾಮಾನು ಕಟ್ಟಿ ಬಿಚ್ಚಿ ಸೊಂಟ ಬಿದ್ದುಹೋಗಿತ್ತು. ಇಲ್ಲಿ ನೀರಿದೆ, ಗಾಳಿಯಿದೆ, ಯಲಹಂಕದಲ್ಲಿರೋ ನನ್ನ ಕಾಲೇಜಿನ ಆಫೀಸಿಗೆ ನೇರ ಬಸ್ಸಿದೆ. ಈ ಮನೆ ಮಾತ್ರ ಬಿಡೋದಿಲ್ಲ ಅಂತ ದೇವರ ಮುಂದೆ ಹೇಳಿಕೊಂಡಿದ್ದೆ.

ಆಂಟಿ ಹಾಕಿದ್ದು ಒಂದೇ ಷರತ್ತು. "ಮಾಂಸದ ಮಾತು ಬಿಡು, ಒಂದು ಮೊಟ್ಟೆ ನನ್ನ ಗೇಟೊಳಗೆ ಬಂತು ಅಂದ್ರೂ ಅವತ್ತೇ ಮನೆ ಖಾಲಿ."

ನಾವೂ ಮೊಟ್ಟೆ ಮುಟ್ಟದವರು. "ಅಯ್ಯೋ, ಅಷ್ಟೇ ತಾನೇ ಆಂಟಿ!" ಅಂತ ನಕ್ಕುಬಿಟ್ಟೆ. ಆ ನಗು ನೆನಪಾದರೆ ಈಗಲೂ ಮೈ ಉರಿಯುತ್ತೆ.

೧. ಮಣ್ಣಿನ ಗೊಂಬೆ

ಪಕ್ಕದ ಖಾಲಿ ಸೈಟಿನ ತುಂಬಾ ಪೊದೆ. ಒಂದಿನ ಆಂಟಿ ಹಿತ್ತಲ ನಲ್ಲಿ ಹತ್ತಿರ ಹಾವು ಕಂಡು ಕಿರುಚಿದರು. ಅವತ್ತಿಂದ ಅವರಿಗೂ ನಿದ್ದೆ ಇಲ್ಲ, ಅವರು ಬಾಗಿಲು ತೆಗೆದು ಹಾಕೋ ಸದ್ದಿಗೆ ನಮಗೂ ಇಲ್ಲ. ಆಫೀಸಲ್ಲಿ ಹೇಳಿಕೊಂಡೆ. ನಮ್ಮ ಅಟೆಂಡರ್ ಚಿಕ್ಕಜಾಲದವರು, ತೋಟದಲ್ಲಿ ಕೋಳಿ ಸಾಕಿದ್ದಾರೆ.

"ಗಿನಿಕೋಳಿ ಸಾಕಿ ಮೇಡಂ. ಆವು ಆ ಕಡೆ ತಲೇನೇ ಆಕಲ್ಲ."

"ಮರಿ ಕೊಡ್ತೀರಾ?"

"ಮರಿ ಈಗಿಲ್ಲ. ಮೊಟ್ಟೆ ಕೊಡ್ತೀನಿ. ಲೈಟ್ ಆಕಿ ಪೆಟ್ಟಿಗೇಲಿ ಇಕ್ಕಿ, ಅವೇ ಮರಿ ಆಯ್ತವೆ."

ಮೊಟ್ಟೆ! ಆಂಟಿ ಷರತ್ತು ನೆನಪಾಯಿತು. ತಿನ್ನೋಕಲ್ವಲ್ಲ, ಆಂಟಿಗೇ ಒಳ್ಳೇದು ಮಾಡ್ತಿರೋದಲ್ವಾ ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಮಾರನೇ ದಿನ ಸ್ಟೀಲ್ ಡಬ್ಬಿಯಲ್ಲಿ ಭತ್ತದ ಹೊಟ್ಟು ತುಂಬಿ, ನಡುವೆ ಹನ್ನೆರಡು ಮೊಟ್ಟೆ ಇಟ್ಟು, ಬಸ್ಸಿನಲ್ಲಿ ತೊಡೆ ಮೇಲಿಟ್ಟುಕೊಂಡು ಬಂದೆ. ಗೇಟಿನಲ್ಲೇ ಆಂಟಿ.

"ಅದೇನೇ, ಅಷ್ಟು ಹುಷಾರಾಗಿ ಹಿಡ್ಕೊಂಡಿದ್ದೀಯ?"

"ಗೊಂಬೆ ಆಂಟಿ! ದಸರಾ ಗೊಂಬೆ. ಮಣ್ಣಿಂದು, ಒಡೆದೋಗುತ್ತೆ."

ದಸರಾಕ್ಕೆ ಇನ್ನೂ ಎರಡು ವಾರದ ಮೇಲಿತ್ತು. ಹುಟ್ಟಿದಾಗಿಂದ ನಾನು ಒಂದು ಗೊಂಬೆ ಕೂರಿಸಿದವಳಲ್ಲ. ಆಂಟಿ ಮುಖ ಅರಳಿತು. "ಗೊಂಬೆ ಕೂರಿಸ್ತೀಯಾ? ನೋಡೋಕೆ ಬರ್ತೀನಿ, ಖಂಡಿತ ಬರ್ತೀನಿ."

ಹನ್ನೆರಡು ಮೊಟ್ಟೆ ಮುಚ್ಚಿಡೋಕೆ ಇಪ್ಪತ್ತು ಗೊಂಬೆ ಕೊಂಡು ತಂದೆ.

೨. ಇಪ್ಪತ್ತೊಂದನೇ ದಿನ

ನಮ್ಮ ಯಜಮಾನರು ಫ್ಯಾಕ್ಟರಿಯವರು. ಥರ್ಮೋಕೋಲ್ ಪೆಟ್ಟಿಗೆ, ಬಲ್ಬು, ನೀರಿನ ಬಟ್ಟಲು, ಥರ್ಮಾಮೀಟರು ಸೇರಿಸಿ ಒಂದೇ ಸಂಜೆಯಲ್ಲಿ ಮರಿ ಮಾಡೋ ಮೆಷಿನ್ ತಯಾರಿಸಿದರು. ಮೊಟ್ಟೆಗಳನ್ನ ದಿನಕ್ಕೆ ಮೂರು ಸಲ ಮಗುಚಬೇಕು. ಯಾವುದು ಮೇಲೆ, ಯಾವುದು ಕೆಳಗೆ ಗೊತ್ತಾಗೋಕೆ ಒಂದು ಕಡೆ ಪೆನ್ಸಿಲಲ್ಲಿ ಇಂಟು ಗುರುತು ಹಾಕ್ರೀ ಅಂದೆ.

"ಇಂಟು ಅಪಶಕುನ ಕಣೇ" ಅಂತ ಹನ್ನೆರಡರ ಮೇಲೂ ದುಂಡಗೆ 'ಶ್ರೀ' ಬರೆದರು.

ಆಮೇಲೆ ನನಗೆ ಕೂತಲ್ಲಿ ಕೂರಕ್ಕಾಗಲಿಲ್ಲ, ನಿಂತಲ್ಲಿ ನಿಲ್ಲಕ್ಕಾಗಲಿಲ್ಲ. ಒಲೆ ಮೇಲೆ ಸಾರಿಟ್ಟು ಪೆಟ್ಟಿಗೆ ಹತ್ತಿರ ಓಡೋದು, ಪೆಟ್ಟಿಗೆ ಮುಚ್ಚಿ ಸಾರಿನ ಹತ್ತಿರ ಓಡೋದು. ಸಾರು ಎಷ್ಟು ಸಲ ಸೀದಿದೆಯೋ ಲೆಕ್ಕ ಇಲ್ಲ.

ಕೋಳಿ ಅಂದಮೇಲೆ ಇಪ್ಪತ್ತೊಂದು ದಿನ, ಅಷ್ಟು ಎಲ್ಲರಿಗೂ ಗೊತ್ತು. ಇಪ್ಪತ್ತೊಂದನೇ ದಿನ ಬೆಳಗ್ಗೆ ಐದಕ್ಕೇ ಎದ್ದು ಕಾದೆ. ಮಧ್ಯಾಹ್ನವಾಯಿತು, ಸಂಜೆಯಾಯಿತು, ಒಂದು ಬಿರುಕೂ ಇಲ್ಲ. "ಕೆಟ್ಟಿವೆ, ಬಿಡು" ಅಂತ ಯಜಮಾನರು ಹಸಿ ಕಸದ ಬಕೆಟ್ ಹಿಡಿದು ಬಂದರು. ಮನಸ್ಸು ತಡೀಲಿಲ್ಲ, ಅಟೆಂಡರಿಗೆ ಫೋನ್ ಮಾಡಿದೆ.

"ಅಯ್ಯಯ್ಯೋ ಬಿಸಾಕಬ್ಯಾಡಿ! ಇಪ್ಪತ್ತೊಂದು ನಾಟಿ ಕೋಳಿಗೆ. ಗಿನಿಗೆ ಇಪ್ಪತ್ತೇಳು."

"ಮೊದಲೇ ಹೇಳ್ಬಾರ್ದಾ ರೀ?"

"ನೀವು ಕೇಳ್ಲೇ ಇಲ್ವಲ್ಲ ಮೇಡಂ!"

ಇನ್ನೂ ಆರು ದಿನ ಸಾರು ಸೀಯಬೇಕಿತ್ತು.

೩. ಮೆಷಿನ್ನಿಗೆ ರಜೆ

ಇಪ್ಪತ್ತಾರನೇ ದಿನ ಆಯುಧಪೂಜೆ. ಹೂವು, ಬೂದುಗುಂಬಳಕಾಯಿ ತರೋಕೆ ನಾನು ಹೋಗಿದ್ದೆ. ಬರೋ ಹೊತ್ತಿಗೆ ಯಜಮಾನರು ಸ್ಕೂಟರು, ಮಿಕ್ಸಿ, ಹೊಲಿಗೆ ಮೆಷಿನ್, ಎಲ್ಲಕ್ಕೂ ಅರಿಶಿನ ಕುಂಕುಮ ಇಟ್ಟಿದ್ದರು. ನಮ್ಮ ಥರ್ಮೋಕೋಲ್ ಪೆಟ್ಟಿಗೆಗೂ ಮೂರು ಬೆರಳಿನ ವಿಭೂತಿ, ಚೆಂಡು ಹೂವಿನ ಹಾರ. ನೋಡೋಕೆ ಚೆನ್ನಾಗೇ ಇತ್ತು. ಒಳಗೆ ಮಾತ್ರ ಕತ್ತಲೆ.

"ರೀ, ಲೈಟ್ ಯಾಕೆ ಆರಿದೆ?"

"ಆಯುಧಪೂಜೆ ಅಲ್ವೇನೇ? ಇವತ್ತು ನಮ್ಮ ಫ್ಯಾಕ್ಟರೀಲಿ ಒಂದು ಮೆಷಿನ್ ಓಡಲ್ಲ. ಪಾಪ, ಇಪ್ಪತ್ತಾರು ದಿನ ಹಗಲು ರಾತ್ರಿ ದುಡಿದಿದೆ. ಒಂದಿನ ರೆಸ್ಟ್ ಬೇಡ್ವಾ?"

ನನ್ನ ಕೈಯಿಂದ ಕುಂಬಳಕಾಯಿ ಜಾರಿತು. ದೃಷ್ಟಿ ತೆಗೆಯೋ ಮುಂಚೆಯೇ ಒಡೆಯಿತು.

"ಮೆಷಿನ್ ರೆಸ್ಟ್ ತಗೊಂಡ್ರೆ ಒಳಗಿರೋ ಹನ್ನೆರಡು ಜೀವ ಪರ್ಮನೆಂಟಾಗಿ ರೆಸ್ಟ್ ತಗೊಳ್ತವೆ! ಸ್ವಿಚ್ ಹಾಕ್ರೀ! ಸ್ವಿಚ್!" ಬೀದಿಗೆ ಕೇಳೋ ಹಾಗೆ ಕಿರುಚಿದೆ. ಮೊಟ್ಟೆ ಮುಟ್ಟಿದರೆ ತಣ್ಣಗಿವೆ. ಒಂದೂವರೆ ಗಂಟೆ ಆಗಿತ್ತಂತೆ. ನನಗೆ ಅಳುವೇ ಬಂತು. ತಿನ್ನದ ಮೊಟ್ಟೆಗಾಗಿ ಹೀಗೆ ಅಳ್ತೀನಿ ಅಂತ ನಾನೆಂದೂ ಅಂದುಕೊಂಡಿರಲಿಲ್ಲ.

ಯಜಮಾನರು ಸ್ವಿಚ್ ಹಾಕೋ ಮುಂಚೆ ಮೆಷಿನ್ನಿಗೆ "ತಪ್ಪಾಯ್ತಪ್ಪಾ" ಅಂತ ಕೈ ಮುಗಿದರು. ನನಗೆ ಮಾತ್ರ ಕೈ ಮುಗೀಲಿಲ್ಲ.

೪. ಗುಬ್ಬಚ್ಚಿ

ಮಾರನೇ ದಿನ ವಿಜಯದಶಮಿ. ಸಂಜೆ ಆಂಟಿ ರೇಷ್ಮೆ ಸೀರೆ ಉಟ್ಟು ಗೊಂಬೆ ನೋಡೋಕೆ ಬಂದೇ ಬಿಟ್ಟರು. ಮೆಷಿನ್ ಎಲ್ಲಿಡೋದು? ಗೊಂಬೆ ಕೂರಿಸಿದ ಮೆಟ್ಟಿಲ ಕೆಳಗೇ ತಳ್ಳಿ ಬಿಳಿ ಪಂಚೆ ಇಳಿಬಿಟ್ಟಿದ್ದೆ.

"ಒಂದು ಹಾಡು ಹೇಳಮ್ಮ, ಆರತಿ ಮಾಡ್ತೀನಿ" ಅಂದರು ಆಂಟಿ.

ನಾನು ಬಾಯಿ ತೆಗೆಯೋದಕ್ಕೂ ಪಂಚೆ ಹಿಂದಿಂದ "ಚೀಂವ್" ಅನ್ನೋದಕ್ಕೂ ಸರಿಹೋಯಿತು. ಬದುಕಿದೆ! ಕುಣಿಯೋಣ ಅನ್ನಿಸಿತು. ಕುಣಿಯೋ ಹಾಗಿಲ್ಲ. ಜೋರಾಗಿ ಹಾಡಿದೆ. ನಾನು ದನಿ ಏರಿಸಿದಷ್ಟೂ ಒಳಗೆ ಇನ್ನೆರಡು, ಇನ್ನು ಮೂರು ಸೇರಿಕೊಂಡವು. ಯಜಮಾನರು ಟೀವಿ ಹಾಕಿದರು, ಫ್ಯಾನ್ ಹಾಕಿದರು, ಕೊನೆಗೆ ದಿಕ್ಕು ತೋಚದೆ ಖಾಲಿ ಮಿಕ್ಸಿ ತಿರುಗಿಸಿದರು.

ಆಂಟಿ ಕೈ ಎತ್ತಿ ಎಲ್ಲ ನಿಲ್ಲಿಸಿದರು. ಕಿವಿಗೊಟ್ಟು ಕೇಳಿದರು. ನನ್ನ ಕಣ್ಣ ಮುಂದೆ ಐದನೇ ಬಾಡಿಗೆ ಮನೆ ಬಂತು.

"ಗುಬ್ಬಚ್ಚಿ ಕಣೇ!" ಅಂದರು. "ಎಷ್ಟು ವರ್ಷ ಆಗಿತ್ತು ಗುಬ್ಬಚ್ಚಿ ಕೇಳಿ. ನಿಮ್ಮನೇಲಿ ಗೂಡು ಕಟ್ಟಿದೆ. ಶುಭ, ಓಡಿಸ್ಬೇಡಿ."

ಉಸ್ಲಿ ತಗೊಂಡು ಇಳಿದುಹೋದರು. ಪಂಚೆ ಎತ್ತಿದರೆ ಏಳು ಮರಿ. ಉಳಿದ ಐದು ಆಮೇಲೂ ಒಡೆಯಲಿಲ್ಲ. ಚಿಪ್ಪನ್ನೆಲ್ಲ ಪೇಪರಲ್ಲಿ ಸುತ್ತಿ ಹಸಿ ಕಸಕ್ಕೆ ಹಾಕಿ, ನೆಮ್ಮದಿಯಾಗಿ ಎರಡು ತುತ್ತು ಉಂಡೆ.

೫. ಎಲ್ಲಾ ಗಂಡೇ

ನೆಮ್ಮದಿ ಮೂರು ತಿಂಗಳಿಗೆ ಮುಗಿಯಿತು. ಟೆರೇಸಿನಲ್ಲಿ ಬಿಟ್ಟಿದ್ದ ಗುಬ್ಬಚ್ಚಿಗಳು ಮೈತುಂಬಾ ಬಿಳಿ ಚುಕ್ಕಿ ಹೊತ್ತು ಕುಕ್ಕರಿನ ಗಾತ್ರ ಆದವು. ದನಿಯೋ, ತುಕ್ಕು ಹಿಡಿದ ಗೇಟು ಎಳೆದ ಹಾಗೆ. ಪೇಪರಿನವರು ಬಂದರೆ ಕೂಗು, ಹಾಲಿನವರು ಬಂದರೆ ಕೂಗು. ಒಂದಿನ ಗಿಡಕ್ಕೆ ನೀರು ಹಾಕೋ ಹಸಿರು ಪೈಪನ್ನ ಸುತ್ತುವರಿದು ಅರ್ಧ ಗಂಟೆ ಕೂಗಿದವು.

ಆಂಟಿ ಟೆರೇಸಿಗೆ ಹತ್ತಿ ಬಂದರು. "ಏನೇ ಇವು?"

"ಹಾವು ಓಡಿಸೋ ಹಕ್ಕಿ ಆಂಟಿ. ಚಿಕ್ಕಜಾಲದ್ದು."

ಹಾವು ಅಂದಕೂಡಲೇ ಆಂಟಿ ಮೆತ್ತಗಾದರು. "ಹಾಗಾದ್ರೆ ಇರಲಿ. ಆದ್ರೆ ಮೊಟ್ಟೆ ಇಟ್ರೆ?"

"ಎಲ್ಲಾ ಗಂಡೇ ಆಂಟಿ!" ಬಾಯಿಂದ ಜಾರಿಬಿಟ್ಟಿತು.

"ನೋಡು, ಮೊಟ್ಟೆ ವಿಷಯದಲ್ಲಿ ನನ್ನ ಮಾತು ಮಾತೇ."

ಅಟೆಂಡರನ್ನ ಕೇಳಿದೆ. "ನೋಡಿದ್ರೆ ಗೊತ್ತಾಗಲ್ಲ ಮೇಡಂ, ಕೂಗು ಕೇಳ್ಬೇಕು. ಗಂಡು ಒಂದೇ ತರ ಕೂಗ್ತದೆ. ಎಣ್ಣು ಎರಡೆರಡು ಸ್ವರ ಎಳೀತದೆ."

ಭಾನುವಾರ ಪೂರ್ತಿ ಗಂಡ ಹೆಂಡತಿ ಟೆರೇಸಿನಲ್ಲಿ ಕಿವಿ ನಿಮಿರಿಸಿ ಕೂತೆವು. ಏಳರಲ್ಲಿ ಐದು ಎರಡು ಸ್ವರ. ಯಜಮಾನರು ನಿಟ್ಟುಸಿರು ಬಿಟ್ಟು, "ಪ್ಯಾಕಿಂಗ್ ಡಬ್ಬ ಯಾವುದೂ ಎಸೆದಿಲ್ಲ ತಾನೇ?" ಅಂದರು.

೬. ತುಳಸಿಕಟ್ಟೆ

ಮುಂಗಾರು ಶುರುವಾಗೋ ಹೊತ್ತಿಗೆ ಹಕ್ಕಿಗಳು ಹಗಲೆಲ್ಲ ಕೆಳಗಿನ ಅಂಗಳದಲ್ಲೇ ಓಡಾಡುತ್ತಿದ್ದವು. ನಾನು ದಿನಾ ಬೆಳಗ್ಗೆ ಆಂಟಿ ಏಳೋ ಮುಂಚೆ ಮೂಲೆ ಮೂಲೆ ಹುಡುಕುತ್ತಿದ್ದೆ. ಒಂದು ಮೊಟ್ಟೆಯೂ ಸಿಗಲಿಲ್ಲ. ದೇವರು ದೊಡ್ಡವನು ಅಂದುಕೊಂಡೆ.

ಒಂದು ಬೆಳಗ್ಗೆ ಕೆಳಗಿಂದ ಕೂಗು ಬಂತು. ಈ ಸಲ ಹಕ್ಕೀದಲ್ಲ, ಆಂಟೀದು. "ಇಬ್ಬರೂ ಕೆಳಗೆ ಬನ್ನಿ!"

ಹೋಗಿ ನೋಡಿದರೆ, ಆಂಟಿ ಮಡಿ ಸೀರೆಯಲ್ಲಿ, ಕೈಯಲ್ಲಿ ಪೂಜೆ ತಟ್ಟೆ ಹಿಡಿದು ನಿಂತಿದ್ದಾರೆ. ಎದುರಿಗೆ ತುಳಸಿಕಟ್ಟೆ. ಗಿಡದ ಬುಡದಲ್ಲಿ ಎಲೆ ಮರೆಯಲ್ಲಿ ಎಂಟು ಮೊಟ್ಟೆ. ಇಡೀ ಕಾಂಪೌಂಡಿನಲ್ಲಿ ನಾನು ಕೈ ಹಾಕಿ ಹುಡುಕದೇ ಇದ್ದ ಜಾಗ ಅದೊಂದೇ.

ಅಳುತ್ತಾ ಒಂದೂ ಬಿಡದೆ ಹೇಳಿಬಿಟ್ಟೆ. ಡಬ್ಬಿ, ಗೊಂಬೆ, ಗುಬ್ಬಚ್ಚಿ, ಗಂಡು, ಎಲ್ಲ ಸುಳ್ಳು. "ಈ ತಿಂಗಳೇ ಮನೆ ಖಾಲಿ ಮಾಡ್ತೀವಿ ಆಂಟಿ."

ಆಂಟಿ ತಟ್ಟೆ ಕೆಳಗಿಟ್ಟರು. "ನಾನು ಏನಂದಿದ್ದೆ? ಮೊಟ್ಟೆ ಗೇಟೊಳಗೆ ಬರಬಾರ್ದು ಅಂದಿದ್ದೆ. ಇವು ಗೇಟಿಂದ ಬಂದಿಲ್ವಲ್ಲ, ಒಳಗೇ ಹುಟ್ಟಿವೆ."

"ಆದ್ರೆ ಮೊದಲಿನ ಹನ್ನೆರಡು..."

"ಅದು ನನಗೆ ದಸರಾ ಮಾರನೇ ದಿನವೇ ಗೊತ್ತು. ಬೆಕ್ಕು ನಿಮ್ಮ ಕಸದ ಬಕೆಟ್ ಉರುಳಿಸಿತ್ತು. ಚಿಪ್ಪಿನ ಮೇಲೆ 'ಶ್ರೀ' ಅಂತ ಬರೆದಿತ್ತು. ಶ್ರೀಕಾರ ಹಾಕಿ ಮೊಟ್ಟೆ ತಿನ್ನೋರನ್ನ ನಾನು ಈ ವಯಸ್ಸಿನವರೆಗೂ ಕಂಡಿಲ್ಲ. ಈ ಹಕ್ಕಿ ಬಂದ ಮೇಲೆ ಹಾವೂ ಕಾಣಲಿಲ್ಲ. ಸುಮ್ಮನಿದ್ದೆ."

ಆಂಟಿ ಸೀರೆ ಸೆರಗು ಸಿಕ್ಕಿಸಿ ಕಟ್ಟೆ ಹತ್ತಿರ ಬಗ್ಗಿದರು.

"ಮಳೆ ಬರೋ ಹಾಗಿದೆ, ನೆನೆದುಹೋಗ್ತವೆ. ಆ ಪೆಟ್ಟಿಗೆ ಕೆಳಗೆ ನನ್ನ ನಡುಮನೆಗೇ ತಗೊಂಬಾ. ಒಂದು ಪೆನ್ಸಿಲ್ಲೂ ತಗೊಂಬಾ, ಶ್ರೀಕಾರ ನಾನೇ ಹಾಕ್ತೀನಿ." ಆಮೇಲೆ ಯಜಮಾನರ ಕಡೆ ಬೆರಳು ತೋರಿಸಿದರು. "ಇವನನ್ನ ಮಾತ್ರ ಸ್ವಿಚ್ ಹತ್ರ ಬಿಡ್ಬೇಡ."