ರಾಜನ ಎರಡನೆಯ ಜಿಗಿತ

ನಮ್ಮ ಮನೆಯವರಿಗೆ ಚದುರಂಗದಲ್ಲಿ ಮುಂದಿನ ಏಳೆಂಟು ನಡೆ ಕಾಣುತ್ತವೆ. ಒಲೆಯ ಮೇಲೆ ಉಕ್ಕುತ್ತಿರುವ ಹಾಲು ಮಾತ್ರ ಕಾಣುವುದಿಲ್ಲ! ಇಂಡಿ ಊರಿನ ಕಾಲೇಜೊಂದರಲ್ಲಿ ಗಣಿತ ಹೇಳುವ ಈ ಮಹಾಶಯರು ಮನೆಗೆ ಬಂದರೆ ಹಳೆಯ ಲ್ಯಾಪ್‌ಟಾಪಿಗೆ ಚದುರಂಗ ಹೇಳಿಕೊಡುತ್ತಾರೆ. ತಾವೇ ಬರೆದ ಪ್ರೋಗ್ರಾಮು. ಜನ ಆಡು ಸಾಕುತ್ತಾರೆ, ಎಮ್ಮೆ ಸಾಕುತ್ತಾರೆ, ಹಾಲಾದರೂ ಸಿಗುತ್ತದೆ. ಇದನ್ನು ಸಾಕಿ ನಾನಂತೂ ದಣಿದಿದ್ದೇನೆ.

ಮೊದಮೊದಲು ಅದು ಒಂದು ನಡೆಗೆಂದು ಯೋಚಿಸಲು ಕೂತರೆ ಏಳುತ್ತಲೇ ಇರಲಿಲ್ಲ. ನಾನು ಇದನ್ನಿಟ್ಟರೆ ಅವರೇನಿಡುತ್ತಾರೆ, ಅದಕ್ಕೆ ನಾನೇನು, ಅದಕ್ಕವರೇನು... ಲ್ಯಾಪ್‌ಟಾಪಿನ ಮೇಲೆ ರೊಟ್ಟಿ ಬೇಯಿಸಬಹುದು, ಅಷ್ಟು ಕಾವು!

“ಎಲ್ಲೋ ಒಂದು ಕಡಿ ಸಾಕು ಅನಬೇಕಲ್ರೀ?” ಅಂದೆ.

“ಅದ ನೋಡು! ಅದಕ್ಕ ಆಳದ ಮಿತಿ ಅಂತಾರ. ನಾಕು ನಡಿ ಆದ ಮ್ಯಾಲ ಮುಂದ ನೋಡಬ್ಯಾಡ ಅಂತ ಹೇಳೇನಿ.”

ಮಿತಿ ಬಂತು, ಮತಿ ಹೋಯಿತು. ನಾಲ್ಕನೆಯ ನಡೆಯಲ್ಲಿ ಒಂದು ಬಡಪಾಯಿ ಕಾಲಾಳು ಸಿಗುತ್ತದೆಂದು ಹಿಗ್ಗಿ ಮಂತ್ರಿಯನ್ನೇ ನುಗ್ಗಿಸುವುದು. ಐದನೆಯದರಲ್ಲಿ ಆ ಮಂತ್ರಿಯೇ ಹೋಗುವುದು ಅದಕ್ಕೆ ಕಾಣದು. ನನಗೇನೂ ಆಶ್ಚರ್ಯವಾಗಲಿಲ್ಲ. ಅಗ್ಗವೆಂದು ಸಂತೆಯಿಂದ ಚೀಲಗಟ್ಟಲೆ ಲಿಂಬೆಹಣ್ಣು ಹೊತ್ತು ತಂದವರು ಯಾರು? ಕೂತು ಹೆಚ್ಚಿ ಉಪ್ಪಿನಕಾಯಿ ಹಾಕಿದವರು ಯಾರು? ಐದನೆಯ ನಡೆ ಯಾವಾಗಲೂ ನನ್ನದೇ!

ಆಮೇಲೆ ನೆನಪಿನ ಗೋಳು. ಒಮ್ಮೆ ಲೆಕ್ಕ ಹಾಕಿದ್ದನ್ನು ನೆನಪಿಟ್ಟುಕೊಂಡರೆ ಮತ್ತೆ ಹಾಕುವ ಕೆಲಸವಿಲ್ಲವಂತೆ. ಅದು ಎಲ್ಲವನ್ನೂ ನೆನಪಿಟ್ಟುಕೊಂಡು, ತಲೆ ತುಂಬಿ, ಅಲ್ಲಾಡದೆ ನಿಂತುಬಿಟ್ಟಿತು.

“ಆಳಕ್ಕ ಇಳಿದು ನೋಡಿದ್ದನ್ನ ಇಟ್ಕೊಂಡು, ಮ್ಯಾಲ ಮ್ಯಾಲ ನೋಡಿದ್ದನ್ನ ಒಗದುಬಿಡಬೇಕು,” ಎಂದು ನನಗೆ ವಿವರಿಸಿದರು.

“ನಿನ್ನೆ ನಮ್ಮ ಮದುವಿ ದಿನಾ ಇತ್ತು. ಅದನ್ನೂ ಮ್ಯಾಲ ಮ್ಯಾಲ ನೋಡಿದ್ರೇನು?”

ಇವರೂ ಅಲ್ಲಾಡದೆ ಕೂತುಬಿಟ್ಟರು.

ಅಂತೂ ಯಂತ್ರ ಸುಧಾರಿಸಿತು. ಪರೀಕ್ಷೆಗೆ ಪಕ್ಕದ ಮನೆಯ ಚಾಚಾ ಬಂದರು. ಚಿಕ್ಕಂದಿನಲ್ಲಿ ಇವರಿಗೆ ಆಟ ಕಲಿಸಿದ ಗುರು. ಚಾಚಾನ ಓರಗೆಯ ಆಟಗಾರರು ಯಾರೂ ಈಗಿಲ್ಲ. ಸಂಜೆಯಾದರೆ ನಮ್ಮ ಪಡಸಾಲೆಗೇ ಬರುತ್ತಾರೆ. ಅವರು ಮಣೆಯ ಮೇಲೆ ನಡೆಸುವುದು, ಇವರು ಯಂತ್ರಕ್ಕೆ ತಿಳಿಸುವುದು. ಆಟದ ನಡುವೆ ಚಾಚಾ ರಾಜನನ್ನೆತ್ತಿ ಕುದುರೆಯ ಹಾಗೆ ಜಿಗಿಸಿದರು. ಯಂತ್ರ ‘ತಪ್ಪು ನಡೆ’ ಎಂದಿತು.

“ಯಾಕಲೇ, ರಾಜಾ ಆಟದಾಗ ಒಮ್ಮೆ ಕುದುರಿ ಜಿಗಿತಾ ಜಿಗೀತಾನ ಅಂತ ನಿನ್ನ ಮಷೀನಿಗೆ ಹೇಳಿಲ್ಲೇನು?”

ಅದು ಹಳೆಯ ಆಟದ ಕಟ್ಟಳೆ. ಕಲಿತ ಶಿಷ್ಯರೇ ಮರೆತಿದ್ದರು! ನಾಚಿಕೊಂಡು ಮರುದಿನವೇ ಯಂತ್ರಕ್ಕೆ ಕಲಿಸಿದರು.

ಈಚೆಗೆ ಒಂದು ಸಂಜೆ ಚಾಚಾ, ಆಗಲೇ ಒಮ್ಮೆ ಜಿಗಿಸಿದ್ದ ರಾಜನನ್ನು ಮತ್ತೆ ಜಿಗಿಸಿದರು. ಯಂತ್ರ ಒಪ್ಪಲಿಲ್ಲ.

“ಆಗಲೆ ಜಿಗಿಸೇನೇನು?”

“ಹೌದ್ರಿ ಚಾಚಾ.”

ಅವರ ಮುಖ ಸಣ್ಣದಾಯಿತು. ಅಂದು ಚಹಾ ಕುಡಿದ ಮೇಲೂ “ಯಾಕಬೇ, ಇವತ್ತ ಚಹಾ ಇಲ್ಲೇನು?” ಎಂದು ನನ್ನನ್ನು ಕೇಳಿದ್ದರು. ನಾನು ಇನ್ನೊಂದು ಕಪ್ಪು ಕೊಟ್ಟಿದ್ದೆ.

“ನನ್ನ ತಲಿ ಇನ್ನ ಆಟಕ್ಕ ಬರೂದಿಲ್ಲ ಬಿಡು,” ಎಂದು ಎದ್ದು ಹೋದರು. ಮರುದಿನ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ಇವರಿಗೆ ರೊಟ್ಟಿ ಸೇರದು, ಮಾತು ಬೇಡ. ಬರೀ ಲ್ಯಾಪ್‌ಟಾಪ್ ಕುಟ್ಟುವುದು. ಕೊನೆಗೆ ತಾವೇ ಹೋಗಿ ಚಾಚಾನ ಕೈಹಿಡಿದು ಕರೆತಂದರು.

“ಬರ್ರಿ ಚಾಚಾ, ತಪ್ಪು ಮಷೀನಿಂದು. ರಿಪೇರಿ ಮಾಡೇನಿ.”

ಆಟ ಶುರುವಾಯಿತು. ಚಾಚಾನ ರಾಜ ಜಿಗಿದ. ಸ್ವಲ್ಪ ಹೊತ್ತಿಗೆ ಮತ್ತೆ ಜಿಗಿದ. ಯಂತ್ರ ತೆಪ್ಪಗೆ ತನ್ನ ನಡೆ ಹೇಳಿತು.

“ಈಗ ಶಾಣ್ಯಾ ಆತು ನೋಡು!” ಚಾಚಾ ಬಾಯಿತುಂಬ ನಕ್ಕರು.

ನೀರು ಕುಡಿಯಲು ಒಳಗೆ ಬಂದ ಇವರನ್ನು ಮೆಲ್ಲಗೆ ಕೇಳಿದೆ. “ರಾಜಾ ಜಿಗಿದದ್ದು ಮಷೀನಿಗೆ ನೆನಪಿಲ್ಲೇನ್ರಿ?”

“ಅದೊಂದು ನೆನಪಿಡಬ್ಯಾಡ ಅಂತ ಹೇಳೇನಿ,” ಎಂದು ತಂಬಿಗೆ ಇಟ್ಟು ಹೊರಟರು.

ಅದರ ನೆನಪಿಗೆ ಜಾಗ ಸಾಲದೆಂದು ನನ್ನ ತಲೆ ತಿಂದ ಮನುಷ್ಯ! ಕಣ್ಣು ತುಂಬಿ ಬಂತು. ಬಾಗಿಲಲ್ಲೇ ನಿಂತು ಆ ಇಬ್ಬರನ್ನೂ ನೋಡಿದೆ. ಹಿಂದೆ ಒಲೆಯ ಮೇಲೆ ಹಾಲು ಉಕ್ಕಿ ಹರಿಯಿತು. ಅಂದು ನನಗೂ ಕಾಣಲಿಲ್ಲ.