ವಸುಧಾ ಕಾರಿಗೆ ಆಯಿಲ್ ಕೂಲರ್ ಕೂರಿಸಿದ್ದು

ಬಾನೆಟ್ ಎತ್ತಿದ ಕಾರಿನ ಮುಂದೆ ಸೊಂಟದ ಮೇಲೆ ಕೈಯಿಟ್ಟುಕೊಂಡು, ಗಂಭೀರವಾಗಿ ತಲೆಯಾಡಿಸುತ್ತ ನಿಂತ ಗಂಡಸರನ್ನು ನೀವು ನೋಡಿರುತ್ತೀರಿ. ಅವರಲ್ಲಿ ಹೆಚ್ಚಿನವರಿಗೆ ಒಳಗೆ ಏನಿದೆ ಎಂಬುದೇ ಗೊತ್ತಿರುವುದಿಲ್ಲ. ಇದನ್ನು ನಾನು ಧೈರ್ಯವಾಗಿ ಹೇಳಬಲ್ಲೆ, ಯಾಕೆಂದರೆ ನಾನೂ ಅವರಲ್ಲೊಬ್ಬ. ನಾನು ಕಾಲೇಜಿನಲ್ಲಿ ಇತಿಹಾಸ ಹೇಳಿಕೊಡುವವನು. ಯಾವ ಯುದ್ಧದಲ್ಲಿ ಯಾರ ಫಿರಂಗಿ ಕೈಕೊಟ್ಟಿತು ಎಂದು ಕೇಳಿದರೆ ಗಂಟೆಗಟ್ಟಲೆ ಮಾತಾಡಿಯೇನು. ಮನೆಯ ಮಿಕ್ಸಿ ಯಾಕೆ ಕೈಕೊಟ್ಟಿತು ಎಂದರೆ ಹೆಂಡತಿಯ ಮುಖ ನೋಡುತ್ತೇನೆ. ಯಂತ್ರಗಳ ಬಗ್ಗೆ ನನಗಿರುವುದು ಜ್ಞಾನವಲ್ಲ, ಭಕ್ತಿ.

ನನ್ನ ಹೆಂಡತಿ ವಸುಧಾ ಹಲ್ಲಿನ ಡಾಕ್ಟರು. ಚಾಮರಾಜಪೇಟೆಯ ನಮ್ಮ ಹಳೆಯ ಮನೆಯ ಮುಂದಿನ ಕೋಣೆಯೇ ಅವಳ ಕ್ಲಿನಿಕ್ಕು. ಅದರ ಪಕ್ಕದ ಪೋರ್ಟಿಕೋದಲ್ಲಿ ಅವಳ ಸೋದರಮಾವ ಕೊಟ್ಟ ಕೆಂಪು ಸ್ಪೋರ್ಟ್ಸ್ ಕಾರು ನಿಂತಿರುತ್ತದೆ. ಎರಡೇ ಸೀಟು, ನೆಲಕ್ಕೆ ಮೂಗು ತಾಗುವಷ್ಟು ಕುಳ್ಳು. ಮಾವನವರಿಗೆ ಮಂಡಿನೋವು ಬಂದ ಮೇಲೆ, "ಕೂತ್ಕೊಳ್ಳೋದು ಆಗುತ್ತಮ್ಮ, ಏಳೋದಕ್ಕೆ ಇಬ್ಬರು ಬೇಕು" ಎಂದು ಕೀಲಿಯನ್ನು ಇವಳ ಕೈಗಿಟ್ಟಿದ್ದರು. ಚಿಕ್ಕವಳಾಗಿದ್ದಾಗ ರಜೆಗೆ ಅವರ ಮನೆಗೆ ಹೋದರೆ ಇವಳು ಗೊಂಬೆ ಬಿಟ್ಟು ಸ್ಪ್ಯಾನರ್ ಹಿಡಿಯುತ್ತಿದ್ದಳಂತೆ. ಮದುವೆಗೆ ಮುಂಚೆ ಯಾರೂ ನನಗೆ ಇದನ್ನು ಹೇಳಿರಲಿಲ್ಲ. ಹುಡುಗಿ ಚೆನ್ನಾಗಿ ಹಾಡುತ್ತಾಳೆ ಎಂದಿದ್ದರು. ಅದು ಸುಳ್ಳಾಗಿತ್ತು.

ತೊಂದರೆ ಶುರುವಾದದ್ದು ನಂದಿಬೆಟ್ಟದಲ್ಲಿ. ಏರುತ್ತ ಏರುತ್ತ ಇಂಜಿನ್ನಿನ ಎಣ್ಣೆ ವಿಪರೀತ ಕಾಯುತ್ತಿತ್ತು. ಕಾದ ಎಣ್ಣೆ ನೀರಾಗುತ್ತದೆ, ನೀರಾದರೆ ಅದರ ಒತ್ತಡ ಇಳಿಯುತ್ತದೆ, ಒತ್ತಡ ಇಳಿದರೆ ಒಳಗೆ ಕಬ್ಬಿಣಕ್ಕೆ ಕಬ್ಬಿಣ ಉಜ್ಜಿ ಇಂಜಿನ್ನೇ ಕಚ್ಚಿಕೊಂಡು ನಿಂತುಬಿಡುತ್ತದೆ. ಅರ್ಧ ಬೆಟ್ಟದಲ್ಲಿ ಗಾಡಿ ನಿಲ್ಲಿಸಿ ಇದನ್ನೆಲ್ಲ ವಸುಧಾ ಹೇಳಿದಾಗ ನಾನು ಸೊಂಟದ ಮೇಲೆ ಕೈಯಿಟ್ಟು ತಲೆಯಾಡಿಸಿದೆ. ಅಂಥ ಹಳೆಯ ಇಂಜಿನ್ ಹಾಳಾದರೆ ಇನ್ನೊಂದು ಸಿಗುವುದಿಲ್ಲ ಎಂಬುದು ಮಾತ್ರ ನನಗೂ ಅರ್ಥವಾಯಿತು.

ಸುದ್ದಿ ತಿಳಿದು ಅವಳ ತಮ್ಮ ಸುಧೀಂದ್ರ ಬಂದ. ಅವನಿಗೆ ಯಾವ ಸಮಸ್ಯೆಗೂ ಒಬ್ಬ ಗಿರಾಕಿ ಗೊತ್ತಿರುತ್ತಾನೆ.

"ಅಕ್ಕಾ, ಕನಕಪುರ ರೋಡಲ್ಲಿ ಒಬ್ರು ಹೋಟೆಲ್ ಕಟ್ಟಿಸ್ತಿದಾರೆ. ಬಾಗಿಲಲ್ಲಿ ನಿಲ್ಲಿಸೋಕೆ ಇಂಥದ್ದೇ ಹುಡುಕ್ತಿದಾರೆ. ಒಳಗೆ ಹೂವಿನ ಕುಂಡ ಇಡ್ತಾರಂತೆ. ಬಂದೋರೆಲ್ಲ ಫೋಟೋ ತೆಗೆಸ್ಕೋತಾರೆ."

"ಇಂಜಿನ್ ಇರೋ ಜಾಗದಲ್ಲೂ ಕುಂಡಾನೇನೋ?"

"ಇಂಜಿನ್ ಯಾಕೆ ಬೇಕು ಅವ್ರಿಗೆ?"

ವಸುಧಾ ಬಾನೆಟ್ಟಿನ ಮೇಲಿನ ಧೂಳನ್ನು ಅಂಗೈಯಿಂದ ಒರೆಸಿದಳು. ಆಮೇಲೆ, "ಈ ಭಾನುವಾರ ನಾನೇ ಆಯಿಲ್ ಕೂಲರ್ ಹಾಕ್ತೀನಿ. ಸರಿಹೋಗ್ಲಿಲ್ಲ ಅಂದ್ರೆ ಅವ್ರನ್ನ ಕರ್ಕೊಂಡು ಬಾ" ಎಂದಳು. ಅವಳು ಸೋತು ಒಪ್ಪಿಕೊಳ್ಳುವ ಧ್ವನಿಯನ್ನು ನಾನು ಮೊದಲ ಸಲ ಕೇಳಿದ್ದೆ. ನನಗೆ ಅದು ಹಿಡಿಸಲಿಲ್ಲ.

ನನ್ನ ತಾಯಿಗೆ ಕೂಲರ್ ಎಂದರೆ ಬೇಸಿಗೆಯಲ್ಲಿ ಕಿಟಕಿಗೆ ಇಡುವ, ನೀರು ಹಾಕುವ ಡಬ್ಬ. ಬಂದದ್ದು ಇಷ್ಟೇ ಅಗಲದ, ಪುಟ್ಟ ರೇಡಿಯೇಟರಿನಂಥ ಜಾಲರಿ. ಅದನ್ನು ಕೈಯಲ್ಲಿ ಹಿಡಿದು ಅಮ್ಮ ತಿರುಗಿಸಿ ತಿರುಗಿಸಿ ನೋಡಿದರು. ಬಿಸಿ ಎಣ್ಣೆ ಇದರೊಳಗೆ ಸುತ್ತಿ, ಎದುರುಗಾಳಿಗೆ ಆರಿ, ವಾಪಸ್ಸು ಇಂಜಿನ್ನಿಗೆ ಹೋಗುತ್ತದೆ ಎಂದು ಸೊಸೆ ವಿವರಿಸಿದಳು. "ಉಷ್ಣ ಅನ್ನು. ಅಷ್ಟಕ್ಕೆ ಇಷ್ಟೆಲ್ಲ ಯಾಕೆ?" ಎಂದರು ಅಮ್ಮ. ನಮ್ಮ ಮನೆಯಲ್ಲಿ ಕಣ್ಣುರಿ, ಬಾಯಿಹುಣ್ಣು, ಪರೀಕ್ಷೆಯಲ್ಲಿ ನಪಾಸು, ಎಲ್ಲಕ್ಕೂ ಉಷ್ಣವೇ ಕಾರಣ. ನೆನೆಸಿದ ಮೆಂತ್ಯ ನುಂಗದೆ ದೊಡ್ಡವರಾದವರು ನಮ್ಮ ವಂಶದಲ್ಲಿಲ್ಲ. ಕಾರಿಗೆ ಬಾಯಿಯಿಲ್ಲದ್ದರಿಂದ ಅದು ಪಾರಾಯಿತು.

ಭಾನುವಾರ ಬೆಳಿಗ್ಗೆ ತಿಂಡಿ ಮುಗಿಸಿ ವಸುಧಾ ಕೆಲಸಕ್ಕಿಳಿದಳು. ನಾನು ಅವಳ ಕ್ಲಿನಿಕ್ಕಿಗೆ ಸಾಮಾನ್ಯವಾಗಿ ಕಾಲಿಡುವುದಿಲ್ಲ. ಹಲ್ಲು ಕೊರೆಯುವ ಆ ಯಂತ್ರದ ಸದ್ದಿಗೇ ನನ್ನ ಹಲ್ಲುಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಹಾಗಾಗಿ ಅವಳು ಕೆಲಸ ಮಾಡುವುದನ್ನು ಹತ್ತಿರದಿಂದ ನೋಡಿದ್ದು ಅಂದೇ. ಹಣೆಗೆ ದೀಪ ಕಟ್ಟಿಕೊಂಡು ಕಾರಿನಡಿಗೆ ತೂರಿದಳು. ಹಳೆಯ ಎಣ್ಣೆ ಇಳಿಸಿದಳು. ಆಯಿಲ್ ಫಿಲ್ಟರ್ ಬಿಚ್ಚಿ, ಅದಕ್ಕೂ ಇಂಜಿನ್ನಿಗೂ ನಡುವೆ ದಪ್ಪನೆಯ ಒಂದು ಬಿಲ್ಲೆ ಕೂರಿಸಿದಳು. ಅದರಿಂದ ಎರಡು ಕೊಳವೆಗಳು ಹೊರಟು ಮುಂದಿನ ಜಾಲರಿಗೆ ಹೋಗಬೇಕು. ಬಿಲ್ಲೆಯೊಳಗೆ ಒಂದು ಸಣ್ಣ ಕವಾಟವಿದೆ. ಎಣ್ಣೆ ತಣ್ಣಗಿರುವಾಗ ಅದು ಜಾಲರಿಯ ದಾರಿ ಮುಚ್ಚಿಕೊಂಡಿರುತ್ತದೆ, ಬೇಕಾದಷ್ಟು ಬಿಸಿಯಾದ ಮೇಲೆ ತಾನೇ ತೆರೆಯುತ್ತದೆ. ಮಿದುಳಿಲ್ಲದ ಒಂದು ಲೋಹದ ಚೂರಿಗೆ ಯಾವಾಗ ಬಾಯಿ ತೆರೆಯಬೇಕು, ಯಾವಾಗ ಮುಚ್ಚಿಕೊಂಡಿರಬೇಕು ಎಂಬ ವಿವೇಕ ಇದೆಯಲ್ಲ ಎಂದು ನಾನು ದಂಗಾದೆ. ನಮ್ಮ ಕಾಲೇಜಿನ ಸ್ಟಾಫ್ ಮೀಟಿಂಗುಗಳು ನೆನಪಾದವು.

ಕೈ ಮಾತ್ರ ಹೋಗುವ, ಕಣ್ಣು ಹೋಗದ ಸಂದಿನಲ್ಲಿ ಅವಳು ಹಲ್ಲು ನೋಡುವ ಪುಟ್ಟ ಕನ್ನಡಿಯನ್ನು ತೂರಿಸಿ, ಅದರಲ್ಲಿ ನೋಡುತ್ತ ನಟ್ಟು ಬಿಗಿದಳು. ಕೊಳವೆ ಎಲ್ಲಿ ಉಜ್ಜಬಹುದೋ ಅಲ್ಲೆಲ್ಲ ರಬ್ಬರು ಸುತ್ತಿದಳು. ತುಕ್ಕು ಹಿಡಿದ ಬೋಲ್ಟೊಂದು ಜಗ್ಗದಿದ್ದಾಗ ಅದಕ್ಕೆ ಎಣ್ಣೆ ಬಿಟ್ಟು, "ಏನೂ ಆಗಲ್ಲ, ಸ್ವಲ್ಪ ಹೊತ್ತು ಅಷ್ಟೆ" ಎಂದು ಅದರ ಜೊತೆ ಮಾತಾಡಿದಳು. ಬೋಲ್ಟು ಬಂತು. ಇಷ್ಟು ವರ್ಷ ನಾನು ಯಾರ ಜೊತೆ ಊಟಕ್ಕೆ ಕೂರುತ್ತಿದ್ದೆ ಎಂಬುದು ನನಗೆ ಗೊತ್ತೇ ಇರಲಿಲ್ಲ ಎನ್ನಿಸಿತು. ಅವಳ ಕೆನ್ನೆಯ ಮೇಲೆ ಕಪ್ಪು ಗೀರು ಎದ್ದಿತ್ತು. ಒರೆಸೋಣ ಎಂದುಕೊಂಡವನು, ಕೆಲಸ ಕೆಟ್ಟೀತೆಂದು ಸುಮ್ಮನಾದೆ.

ಸಂಜೆಯ ಹೊತ್ತಿಗೆ ಎಲ್ಲ ಕೂತಿತ್ತು. ಹೊಸ ಎಣ್ಣೆಯೂ ತುಂಬಿತ್ತು. ಸುಧೀಂದ್ರ ಬಂದು ಗೇಟಿಗೆ ಒರಗಿ ನಿಂತಿದ್ದ. ಇಂಜಿನ್ ಹೊತ್ತಿಸುವ ಮೊದಲು ಅದನ್ನು ಬರಿದೇ ತಿರುಗಿಸಿ, ಎಣ್ಣೆ ಎಲ್ಲ ಕಡೆ ಹರಿಯಿತೆಂದು ಖಾತ್ರಿ ಮಾಡಿಕೊಳ್ಳಬೇಕು. ತಿರುಗಿಸುವಾಗ ಹೊತ್ತಿಕೊಳ್ಳದಿರಲೆಂದು ಕಿಡಿ ಹಾರಿಸುವ ಪ್ಲಗ್ಗುಗಳನ್ನು ಬಿಚ್ಚಿಟ್ಟಿದ್ದಳು.

"ನಾನು ಮುಂದೆ ಕೂತು ಎಲ್ಲಾದ್ರೂ ಸೋರುತ್ತಾ ನೋಡ್ತೀನಿ. ನೀವು ಕೀ ತಿರುಗಿಸಿ. ಎಣ್ಣೆ ಒತ್ತಡ ತೋರಿಸೋ ಮುಳ್ಳು ಎದ್ದ ತಕ್ಷಣ ಹೇಳಿ ರೀ."

ತಿರುಗಿಸಿದೆ. ಇಂಜಿನ್ ಗರಗರ ಎಂದಿತು. ಮುಳ್ಳು ಏಳಲಿಲ್ಲ. ಸ್ವಲ್ಪ ಬಿಟ್ಟು ಮತ್ತೆ ತಿರುಗಿಸಿದೆ. ಇಲ್ಲ. ಮೂರನೇ ಸಲವೂ ಇಲ್ಲ. ವಸುಧಾ ಸ್ಪ್ಯಾನರ್ ಕೆಳಗಿಟ್ಟಳು. ಪಂಪು ಎಣ್ಣೆ ಎಳೆಯುತ್ತಿಲ್ಲ ಎಂದರೆ ಎಲ್ಲವನ್ನೂ ಬಿಚ್ಚಬೇಕು. ಬಿಚ್ಚಿದರೂ ಕಾರಣ ಸಿಗುತ್ತದೆಂಬ ಭರವಸೆಯಿಲ್ಲ. ಅಮ್ಮ ಮಜ್ಜಿಗೆ ತಂದುಕೊಟ್ಟರು. ಅವಳು ಮೆಟ್ಟಿಲ ಮೇಲೆ ಕೂತು ಲೋಟ ಕೈಯಲ್ಲಿ ಹಿಡಿದಳೇ ಹೊರತು ಕುಡಿಯಲಿಲ್ಲ.

"ಅಕ್ಕಾ, ಅವ್ರಿಗೆ ಫೋನ್ ಮಾಡ್ಲಾ?" ಎಂದ ಸುಧೀಂದ್ರ. ಪಾಪ, ಮೆತ್ತಗೇ ಕೇಳಿದ.

ಅವಳು ಲೋಟ ಕೆಳಗಿಟ್ಟು ಎದ್ದು ನನ್ನ ಪಕ್ಕಕ್ಕೆ ಬಂದು ಬಗ್ಗಿದಳು. "ಯಾವ ಮುಳ್ಳು ನೋಡ್ತಿದೀರಿ?"

ನಾನು ತೋರಿಸಿದೆ.

"ಅದು ನೀರಿನ ಬಿಸಿ ತೋರಿಸೋದು ರೀ. ತಣ್ಣಗಿರೋ ಇಂಜಿನ್ನಲ್ಲಿ ಅದು ಯಾಕೆ ಏಳುತ್ತೆ?"

ಅವಳು ಬಯ್ಯಲಿಲ್ಲ. ನನ್ನ ಕೈ ಮೇಲಿಂದಲೇ ಕೀ ತಿರುಗಿಸಿದಳು. ಪಕ್ಕದ ಡಯಲಿನೊಳಗೆ ಮುಳ್ಳೊಂದು ನಿದ್ದೆಯಿಂದ ಏಳುವಂತೆ ನಿಧಾನವಾಗಿ ಎದ್ದು, ನಿಂತಿತು. ಸುಧೀಂದ್ರ ಗೇಟು ಬಿಟ್ಟು ಒಳಗೆ ಬಂದ. "ಭಾವ, ನಿಮಗೆ ಕಾಲೇಜಲ್ಲಿ ಕೆಲಸ ಯಾರು ಕೊಟ್ಟಿದ್ದು?" ಎಂದ. ನಾನು ಇತಿಹಾಸದ ಹಲವು ಸೋಲುಗಳ ಕಾರಣವನ್ನು ಹೊಸದಾಗಿ ಅರ್ಥಮಾಡಿಕೊಳ್ಳುತ್ತಿದ್ದೆ.

ಪ್ಲಗ್ಗು ಹಾಕಿ ಹೊತ್ತಿಸಿದಾಗ ಆ ಕಾರು ಹೊರಡಿಸಿದ ಸದ್ದಿಗೆ ಎದುರು ಮನೆಯವರು ಬಾಲ್ಕನಿಗೆ ಬಂದರು. ಒಂದು ಜೋಡಣೆಯಲ್ಲಿ ಎಣ್ಣೆಯ ಮಣಿಯೊಂದು ಮೂಡಿತು. ವಸುಧಾ ಇಂಜಿನ್ ನಿಲ್ಲಿಸಿ, ಸ್ಪ್ಯಾನರನ್ನು ಕೂದಲೆಳೆಯಷ್ಟು ತಿರುಗಿಸಿ, ಒರೆಸಿ, ಮತ್ತೆ ಹೊತ್ತಿಸಿ ಕಾದಳು. ಮಣಿ ಮತ್ತೆ ಮೂಡಲಿಲ್ಲ. ಆಗ ಮಜ್ಜಿಗೆ ಕುಡಿದಳು.

ಮುಂದಿನ ಭಾನುವಾರ ನಂದಿಬೆಟ್ಟ ಹತ್ತಿದೆವು. ತಿರುವಿನ ಮೇಲೆ ತಿರುವು ಬಂತು. ಎಣ್ಣೆಯ ಬಿಸಿಯ ಮುಳ್ಳು, ಒತ್ತಡದ ಮುಳ್ಳು ಎರಡೂ ತಮ್ಮ ತಮ್ಮ ಜಾಗ ಬಿಟ್ಟು ಕದಲಲಿಲ್ಲ. ಈ ಸಲ ಅವು ಯಾವುವೆಂದು ಮೊದಲೇ ಕೇಳಿಕೊಂಡಿದ್ದೆ. ವಸುಧಾ ಗೇರು ಬದಲಾಯಿಸುವಾಗಲೆಲ್ಲ ಸಣ್ಣಗೆ ನಗುತ್ತಿದ್ದಳು. ಮೇಲೆ ತಲುಪಿ ಮಂಜಿನಲ್ಲಿ ಬಾನೆಟ್ ಎತ್ತಿದಾಗ, ಆ ಪುಟ್ಟ ಜಾಲರಿಯ ಮುಂದೆ ಕೈಮುಗಿಯಬೇಕು ಎನ್ನಿಸಿತು. ಸುತ್ತ ಜನ ಇದ್ದದ್ದರಿಂದ ಮುಗಿಯಲಿಲ್ಲ.

ಬೆಟ್ಟ ಇಳಿದ ಮೇಲೆ ಸಪಾಟು ರಸ್ತೆಯಲ್ಲಿ ಅವಳು ಗಾಡಿ ನಿಲ್ಲಿಸಿ ಕೆಳಗಿಳಿದಳು. "ಈಗ ನೀವು ಓಡಿಸಿ" ಎಂದಳು. ಬೇಡ ಎನ್ನುವಷ್ಟರಲ್ಲಿ ನನ್ನ ಕಡೆಯ ಬಾಗಿಲು ತೆರೆದಿದ್ದಳು. ಕ್ಲಚ್ಚು ಬಿಟ್ಟೆ, ಕಾರು ಕಪ್ಪೆಯಂತೆ ಹಾರಿ ಸತ್ತಿತು. ಮತ್ತೆ ಬಿಟ್ಟೆ, ಮತ್ತೆ ಸತ್ತಿತು. ಹಿಂದೆ ಸೊಪ್ಪಿನ ಟೆಂಪೋದವನು ಹಾರನ್ ಒತ್ತಿ ಹಿಡಿದ. ವಸುಧಾ ಮುಳ್ಳುಗಳನ್ನು ನೋಡಿದಳು, ಆಮೇಲೆ ನನ್ನ ಹಣೆ ನೋಡಿದಳು.

"ಇಂಜಿನ್ ತಣ್ಣಗೇ ಇದೆಯಲ್ಲ ರೀ, ನೀವ್ಯಾಕೆ ಹೀಗೆ ಬೆವರ್ತಿದೀರಿ?"